ಘಾಟ್ ಹತ್ತುವ ರೈಲಿನ ಲೆಕ್ಕ

ಮಸಗುಪ್ಪಿ ಕಡೆಯವರು ಘಟಪ್ರಭಾ ನಿಲ್ದಾಣದಲ್ಲಿ ನೋಡುವ ಹಳಿ ಬೆಳಗಾವಿ ದಾಟಿ ಲೋಂಡಾ ಮುಟ್ಟುತ್ತದೆ. ಅಲ್ಲಿ ಪಶ್ಚಿಮಕ್ಕೆ ಹೊರಳಿದ ಮಾರ್ಗ ಕ್ಯಾಸಲ್‌ರಾಕ್‌ನಲ್ಲಿ ಸಹ್ಯಾದ್ರಿಯ ಅಂಚಿಗೆ ಬಂದು, ದೂಧಸಾಗರ ಜಲಪಾತದ ಎದುರೇ ಹಾದು, ಗೋವಾದ ಕುಳೆಂಗೆ ಇಳಿಯುತ್ತದೆ. ಕಬ್ಬಿನ ಸೀಮೆಯಿಂದ ಹೊರಟು ದಟ್ಟ ಕಾಡಿಗಿಳಿಯುವ ಈ ದಾರಿಗಿಂತ ಚೆಲುವಾದ ಪ್ರವಾಸಿ ರೈಲು ಮಾರ್ಗ ನಮ್ಮ ಭಾಗಕ್ಕೆ ಬೇರೊಂದು ಬೇಕಿಲ್ಲ.

ಈ ಘಾಟ್‌ನಲ್ಲಿ ಹಳಿಯ ಏರು 37ಕ್ಕೆ 1. ಅಂದರೆ 37 ಮೀಟರ್ ಸಾಗಿದರೆ ಒಂದು ಮೀಟರ್ ಮೇಲೇರಿದಂತೆ. ರಸ್ತೆಗೆ ಇದು ಏರೇ ಅಲ್ಲ, ರೈಲಿಗೆ ಮಾತ್ರ ಕಡಿದಾದ ಬೆಟ್ಟ. ಸಪಾಟು ಹಳಿಯ ಮೇಲೆ ಒಂದು ಟನ್ ಭಾರ ಸರಿಸಲು ಕೆಲವೇ ಕಿಲೋ ತೂಕದಷ್ಟು ಎಳೆತ ಸಾಕು. ಈ ಏರಿನಲ್ಲಿ ಅದರ ಮೇಲೆ ಇನ್ನೂ 27 ಕಿಲೋ ಬೇಕು. 1000 ಟನ್ ಗಾಡಿಗೆ 27 ಟನ್. ಸುಮಾರು 120 ಟನ್ ತೂಗುವ ಎಂಜಿನ್‌ನ ಉಕ್ಕಿನ ಗಾಲಿ ಒಣ ಹಳಿಯನ್ನು ಹಿಡಿದು ತನ್ನ ತೂಕದ ಮೂರನೇ ಒಂದು ಭಾಗದಷ್ಟು ಎಳೆಯಬಲ್ಲದು. ಮಳೆ ಬಿದ್ದು ಹಳಿ ಜಾರತೊಡಗಿದರೆ ಆ ಹಿಡಿತ ಅರ್ಧಕ್ಕಿಳಿಯುತ್ತದೆ. ಗಾಲಿ ನಿಂತಲ್ಲೇ ತಿರುಗುತ್ತದೆ. ಅದಕ್ಕೇ ಚಾಲಕರು ಗಾಲಿಯ ಮುಂದೆ ಮರಳು ಉದುರಿಸುತ್ತಾರೆ, ಗಾಡಿಯ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್‌ಗಳನ್ನು ಜೋಡಿಸುತ್ತಾರೆ.

ಇಳಿಯುವುದು ಇನ್ನೂ ಕಠಿಣ. ಬ್ರೇಕ್ ಒಂದನ್ನೇ ನಂಬಿದರೆ ಗಾಲಿ ಕಾದು ಹೋಗುತ್ತದೆ. ಹಾಗಾಗಿ ಎಂಜಿನ್‌ನ ಮೋಟಾರುಗಳನ್ನೇ ಜನರೇಟರ್‌ಗಳಂತೆ ತಿರುಗಿಸಿ ವೇಗ ತಗ್ಗಿಸುತ್ತಾರೆ. ಏರು ಮಿತಿ ಮೀರಬಾರದೆಂದು ಹಳಿ ಬೆಟ್ಟದ ಮೈ ಬಳಸಿ, ಸುತ್ತಿ ಸುತ್ತಿ ಸಾಗುತ್ತದೆ. ಪ್ರಯಾಣಿಕನಿಗೆ ತಿರುವಿಗೊಂದು ಹೊಸ ಕಣಿವೆ ಕಾಣುವುದು ಈ ಲೆಕ್ಕಾಚಾರದಿಂದಲೇ.

ಕರ್ನಾಟಕದ ಇನ್ನೊಂದು ಘಾಟ್‌ನಲ್ಲಿ ಪ್ರವಾಸಿ ಬೋಗಿಯ ಪ್ರಯೋಗ ಆಗಲೇ ನಡೆದಿದೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಹಾದಿಯಲ್ಲಿ 57 ಸುರಂಗಗಳಿವೆ, ಏರು 50ಕ್ಕೆ 1. 2021ರ ಜುಲೈ 11ರಂದು ಯಶವಂತಪುರ–ಮಂಗಳೂರು ರೈಲಿಗೆ ವಿಸ್ಟಾಡೋಮ್ ಬೋಗಿ ಬಂತು: 44 ಆಸನ, ಅಗಲ ಕಿಟಕಿ, ಗಾಜಿನ ಚಾವಣಿ, ಬೇಕಾದತ್ತ ತಿರುಗಿಸಬಹುದಾದ ಕುರ್ಚಿ.

ಬೋಗಿ ತರುವುದು ಸುಲಭ, ಬೆಟ್ಟವನ್ನು ಕಾಯುವುದು ಕಷ್ಟ. 2018ರ ಆಗಸ್ಟ್ ಮಳೆಗೆ ಸಕಲೇಶಪುರದ ಘಾಟ್ ಹಲವೆಡೆ ಕುಸಿದು, ರೈಲು ಸಂಚಾರ ತಿಂಗಳುಗಟ್ಟಲೆ ನಿಂತಿತು. 2021ರ ಜುಲೈ 23ರಂದು ದೂಧಸಾಗರ–ಸೊನಾಲಿಂ ನಡುವೆ ಮಣ್ಣು ಕುಸಿದು ಪ್ರಯಾಣಿಕರ ರೈಲೇ ಹಳಿ ತಪ್ಪಿತು. ಮಳೆಗಾಲದಲ್ಲಿ ಮಣ್ಣಿನ ಕಣಗಳ ನಡುವಿನ ಸಂದಿಗಳಲ್ಲಿ ನೀರು ತುಂಬಿ ಒತ್ತಡ ಏರುತ್ತದೆ. ಕಣಗಳು ಒಂದನ್ನೊಂದು ಒತ್ತಿ ಹಿಡಿದ ಬಲ ಸಡಿಲುತ್ತದೆ. ಇಳಿಜಾರು ನಿಂತಿರುವುದೇ ಆ ಬಲದಿಂದ. ಆದ್ದರಿಂದ ಗಾಜಿನ ಚಾವಣಿಗೆ ಹಣ ಕೊಡುವ ಮೊದಲು ನೀರು ಹರಿದುಹೋಗುವ ಕಾಲುವೆ, ತಡೆಗೋಡೆ, ಹಳಿ ಕಾಯುವ ಗ್ಯಾಂಗ್‌ಮನ್‌ಗಳಿಗೆ ಕೊಡಬೇಕೆಂಬುದು ನನ್ನ ಒತ್ತಾಯ.

ಜಲಪಾತ ಮೈದುಂಬುವ ತಿಂಗಳುಗಳೇ ಗುಡ್ಡ ಜಾರುವ ತಿಂಗಳುಗಳೂ ಹೌದು. ನಮ್ಮ ಭಾಗಕ್ಕೆ ಪ್ರವಾಸಿ ರೈಲು ಕೇಳುವುದಾದರೆ, ನಸುಕಿನಲ್ಲೇ ಘಟಪ್ರಭಾ ಬಿಟ್ಟು ಹಗಲಿನಲ್ಲಿ ಘಾಟ್ ಇಳಿಯುವ ಗಾಡಿಯನ್ನು ಅಕ್ಟೋಬರ್‌ನಿಂದ ಕೇಳೋಣ. ಆಗ ಮಳೆಯ ಅಬ್ಬರ ತಗ್ಗಿರುತ್ತದೆ, ದೂಧಸಾಗರದಲ್ಲಿ ನೀರೂ ಉಳಿದಿರುತ್ತದೆ.