ನಿಶ್ಶಬ್ದ ರಸ್ತೆಯೂ ಒಂದು ಆಸ್ತಿ: ಹೊಸಪೇಟೆ ಸೀಮೆಯಲ್ಲಿ ಸೈಕಲ್ ಪ್ರವಾಸದ ಸಾಧ್ಯತೆಗಳು

ಯಾವುದೇ ಸಂಸ್ಥೆಯ ಅಢಾವೆ ಪತ್ರಿಕೆಯನ್ನು ತೆರೆದರೆ ಭೂಮಿ, ಕಟ್ಟಡ, ಯಂತ್ರೋಪಕರಣ, ದಾಸ್ತಾನು ಮುಂತಾದ ಆಸ್ತಿಗಳು ಸಾಲಾಗಿ ಕಾಣುತ್ತವೆ. ಪ್ರದೇಶವೊಂದಕ್ಕೆ ಇಂತಹ ಪತ್ರಿಕೆಯನ್ನು ಯಾರೂ ಸಿದ್ಧಪಡಿಸುವುದಿಲ್ಲ. ಸಿದ್ಧಪಡಿಸಿದ್ದೇ ಆದರೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಆಸ್ತಿಯ ಪಟ್ಟಿಯಲ್ಲಿ ಕಬ್ಬಿಣದ ಅದಿರು, ತುಂಗಭದ್ರೆಯ ನೀರು ಹಾಗೂ ವಿಜಯನಗರದ ಸ್ಮಾರಕಗಳ ಜೊತೆಗೆ ಇನ್ನೊಂದು ಬಾಬತ್ತನ್ನೂ ನಮೂದಿಸಬೇಕಾಗುತ್ತದೆ. ಅದು ಕಾಡು, ಬಂಡೆ, ಕಾಲುವೆ ಮತ್ತು ಗದ್ದೆಗಳ ನಡುವೆ ಸಾಗುವ, ವಾಹನಗಳ ಸದ್ದು ಕಡಿಮೆಯಿರುವ ಒಳರಸ್ತೆಗಳ ಜಾಲ. ಸೈಕಲ್ ಪ್ರವಾಸಿಗರು ಹುಡುಕಿಕೊಂಡು ಬರುವುದು ಇಂತಹ ರಸ್ತೆಗಳನ್ನೇ.

ಫ್ರಾನ್ಸ್ ದೇಶದ ನಿದರ್ಶನ

ಗ್ರಾಮೀಣ ರಸ್ತೆಗಳನ್ನು ಆದಾಯದ ಮೂಲವಾಗಿ ಪರಿವರ್ತಿಸಿದ ದೇಶಗಳಲ್ಲಿ ಫ್ರಾನ್ಸ್ ಮುಖ್ಯವಾದುದು. ಅಲ್ಲಿನ ಬರ್ಗಂಡಿ ಪ್ರಾಂತದಲ್ಲಿ ಜೀವ್ರಿ ಮತ್ತು ಕ್ಲೂನಿ ಊರುಗಳ ನಡುವೆ ಬಳಕೆ ತಪ್ಪಿದ ರೈಲುಹಳಿಯ ಜಾಡನ್ನೇ ಸುಮಾರು 44 ಕಿ.ಮೀ. ಉದ್ದದ ಸೈಕಲ್ ಪಥವನ್ನಾಗಿ ಮಾಡಿ 1997ರಲ್ಲಿ ತೆರೆಯಲಾಯಿತು. ನೈಋತ್ಯ ಭಾಗದ ಲಾಂದ್ ಎಂಬಲ್ಲಿ ಪೈನ್ ಮರಗಳ ವಿಸ್ತಾರವಾದ ಕಾಡಿನ ನಡುವೆಯೇ ಸೈಕಲ್ ದಾರಿಗಳಿವೆ.

ವರ್ತಕರಾದ ನಾವು ಮುಖ್ಯವಾಗಿ ಗಮನಿಸಬೇಕಾದುದು ಅಲ್ಲಿನ 'ಅಕ್ಯುಯ್ ವೇಲೊ' ಎಂಬ ಮಾನ್ಯತಾ ಫಲಕವನ್ನು. 'ಸೈಕಲ್ ಸವಾರರಿಗೆ ಸ್ವಾಗತ' ಎಂಬುದು ಅದರ ಭಾವಾರ್ಥ. ಗುರುತಿಸಿದ ಸೈಕಲ್ ಮಾರ್ಗದಿಂದ 5 ಕಿ.ಮೀ. ಒಳಗಿರುವ ವಸತಿಗೃಹವು ಸೈಕಲ್ ನಿಲ್ಲಿಸಲು ಭದ್ರವಾದ ಜಾಗ ಮತ್ತು ರಿಪೇರಿ ಸಾಮಾನುಗಳನ್ನು ಒದಗಿಸಿದರೆ ಈ ಫಲಕಕ್ಕೆ ಅರ್ಹತೆ ಪಡೆಯುತ್ತದೆ. ಇಲ್ಲಿ ಬಂಡವಾಳ ಸ್ವಲ್ಪವೇ, ಶಿಸ್ತು ಹೆಚ್ಚು. ಈ ಕ್ರಮವನ್ನು ನಮ್ಮಲ್ಲಿ ಅನುಸರಿಸಲು ದೊಡ್ಡ ಅಡ್ಡಿಯೇನೂ ಇಲ್ಲ.

ನಮ್ಮ ಸೀಮೆಯ ದಾರಿಗಳು

ಮೊದಲನೆಯದು ಹಂಪಿಯ ದಾರಿ. ಹೊಸಪೇಟೆಯಿಂದ ಕಡ್ಡಿರಾಂಪುರದ ಮೂಲಕ ಹಂಪಿಗೆ ಸುಮಾರು 13 ಕಿ.ಮೀ. ಮುಂಜಾನೆ ಹೊರಟರೆ ಬಾಳೆತೋಟಗಳ ತಂಪಿನಲ್ಲಿ ಒಂದು ಗಂಟೆಯ ಸವಾರಿ. ಹಂಪಿಯಲ್ಲಿ ಬಾಡಿಗೆ ಸೈಕಲ್ಲಿನ ವ್ಯಾಪಾರ ಬಹುಕಾಲದಿಂದ ರೂಢಿಯಲ್ಲಿದೆ. ಹಂಪಿಯಿಂದ ಕಮಲಾಪುರಕ್ಕೆ ಬಂದು ಒಂದು ಸುತ್ತು ಮುಗಿಸಬಹುದು.

ಎರಡನೆಯದು ಕಾಲುವೆಗಳ ದಾರಿ. ಕಮಲಾಪುರದಿಂದ ಬುಕ್ಕಸಾಗರ, ರಾಮಸಾಗರಗಳ ಕಡೆಯಿಂದ ಕಂಪ್ಲಿ ತಲುಪಬಹುದು. ವಿಜಯನಗರದ ಅರಸರ ಕಾಲದ ಕಾಲುವೆಗಳು ಈ ಭಾಗದ ಭತ್ತ, ಬಾಳೆ, ಕಬ್ಬಿಗೆ ಇಂದಿಗೂ ನೀರುಣಿಸುತ್ತಿವೆ. ದಾರಿ ಬಹುಮಟ್ಟಿಗೆ ಸಮತಟ್ಟಾಗಿರುವುದರಿಂದ ಹೊಸ ಸವಾರರಿಗೂ ಆಯಾಸವಾಗದು. ಕಂಪ್ಲಿಯಲ್ಲಿ ಕುಮಾರರಾಮನ ನೆನಪನ್ನು ಉಳಿಸಿಕೊಂಡಿರುವ ನದೀತೀರದ ಕೋಟೆಯಿದೆ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುವುದುಂಟು. ಅಂತಹ ದಿನಗಳಲ್ಲಿ ಆನೆಗೊಂದಿಯ ಕಡೆಗೆ ಹೋಗುವವರು ಬುಕ್ಕಸಾಗರ–ಕಡೆಬಾಗಿಲು ಸೇತುವೆಯನ್ನು ಆಶ್ರಯಿಸಬೇಕು.

ಮೂರನೆಯದು ದರೋಜಿಯ ದಾರಿ. ಕಮಲಾಪುರದಿಂದ ಸುಮಾರು 15 ಕಿ.ಮೀ. ದೂರದಲ್ಲಿ 1994ರಲ್ಲಿ ಘೋಷಿತವಾದ ಕರಡಿಧಾಮವಿದೆ. ಕುರುಚಲು ಕಾಡು ಮತ್ತು ಹೆಬ್ಬಂಡೆಗಳ ಈ ದಾರಿಯ ಸೊಗಸೇ ಬೇರೆ. ಆದರೆ ಕರಡಿಗಳು ಸಂಜೆಯ ನಂತರ ಹಾಗೂ ನಸುಕಿನಲ್ಲಿ ಓಡಾಡುವುದರಿಂದ ಸವಾರಿ ಹಗಲಿಗೇ ಸೀಮಿತವಾಗಿರಬೇಕು. ಧಾಮದ ಒಳಗೆ ಅರಣ್ಯ ಇಲಾಖೆಯ ನಿಯಮವೇ ಅಂತಿಮ.

ನಾಲ್ಕನೆಯದು ಸಂಡೂರಿನದು. ಕಾಡಿನ ನಡುವಿನ ದಾರಿ ಎಂಬ ಮಾತು ಪೂರ್ಣವಾಗಿ ಸಲ್ಲುವುದು ಇದಕ್ಕೇ. ಎರಡು ಬೆಟ್ಟಸಾಲುಗಳ ನಡುವಿನ ಕಣಿವೆ, ಆ ಸಾಲುಗಳನ್ನು ಸೀಳಿಕೊಂಡು ಹರಿಯುವ ನಾರಿಹಳ್ಳ, ಅದರಿಂದಾದ ಭೀಮಗಂಡಿ ಮತ್ತು ಓಬಳಗಂಡಿ ಎಂಬ ಕಂದರಗಳು, ತಾರಾನಗರದ ಬಳಿಯ ಜಲಾಶಯ ಇಲ್ಲಿನ ಆಕರ್ಷಣೆಗಳು. ಊರಿನಿಂದ ಸುಮಾರು 12 ಕಿ.ಮೀ. ದೂರದ ಬೆಟ್ಟದ ಮೇಲೆ ಕುಮಾರಸ್ವಾಮಿ ಮತ್ತು ಪಾರ್ವತಿ ದೇಗುಲಗಳಿವೆ. ಏರುದಾರಿ ಕಾಲಿಗೆ ಪರೀಕ್ಷೆಯೇ ಸರಿ. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂಬ ಮಾತು ಜನಜನಿತವಾಗಿದ್ದು, 1934ರಲ್ಲಿ ಇಲ್ಲಿಗೆ ಬಂದಿದ್ದ ಗಾಂಧೀಜಿಯವರ ಹೆಸರಿನೊಂದಿಗೆ ಅದು ತಳುಕು ಹಾಕಿಕೊಂಡಿದೆ. ಮಳೆಯ ನಂತರದ ಹಸಿರನ್ನು ಕಂಡವರು ಈ ಮಾತನ್ನು ಒಪ್ಪದೆ ಇರಲಾರರು. ಸೆಪ್ಟೆಂಬರಿನಿಂದ ಫೆಬ್ರವರಿಯವರೆಗೆ ಎಲ್ಲ ನಾಲ್ಕು ದಾರಿಗಳಿಗೂ ಸುಗ್ಗಿಯ ಕಾಲ. ಬೇಸಿಗೆಯ ಬಿಸಿಲಿನಲ್ಲಿ ಈ ಸಾಹಸ ಬೇಡ.

ಅದಿರು ಮತ್ತು ದಾರಿ

ಸಂಡೂರಿನ ವಿಚಾರದಲ್ಲಿ ವಾಸ್ತವವನ್ನು ಮರೆಮಾಚಬಾರದು. ಹೊಸಪೇಟೆ–ಸಂಡೂರು ಮುಖ್ಯರಸ್ತೆಯಲ್ಲಿ ಮತ್ತು ತೋರಣಗಲ್ಲಿನ ಕಡೆಯಲ್ಲಿ ಅದಿರು ಲಾರಿಗಳ ಸಂಚಾರ ಸೈಕಲ್ ಸವಾರರಿಗೆ ಅಪಾಯಕಾರಿ. ಆದ್ದರಿಂದ ಸದ್ಯಕ್ಕೆ ಸೈಕಲ್ಲುಗಳನ್ನು ವಾಹನದಲ್ಲಿ ಸಂಡೂರಿಗೆ ಸಾಗಿಸಿ, ಅಲ್ಲಿಂದ ಸವಾರಿ ಆರಂಭಿಸುವುದೇ ವಿವೇಕ.

2011ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದಾಗ ಲಾರಿ ಮಾಲೀಕರು, ಚಾಲಕರು, ಡಾಬಾ ಮತ್ತು ಬಿಡಿಭಾಗಗಳ ವ್ಯಾಪಾರಿಗಳು ಅನುಭವಿಸಿದ ಸಂಕಷ್ಟ ಸದಸ್ಯರಿಗೆ ತಿಳಿದೇ ಇದೆ. ಒಂದೇ ಉದ್ಯಮವನ್ನು ನೆಚ್ಚಿದರೆ ಏನಾಗುತ್ತದೆ ಎಂಬ ಪಾಠವನ್ನು ನಾವು ಅಂದು ದುಬಾರಿ ಬೆಲೆ ತೆತ್ತು ಕಲಿತೆವು. 2013ರಲ್ಲಿ ಷರತ್ತುಗಳೊಡನೆ ಗಣಿಗಾರಿಕೆ ಪುನರಾರಂಭಗೊಂಡಿತು. ಜಿಲ್ಲೆಯ ವಾರ್ಷಿಕ ಉತ್ಪಾದನಾ ಮಿತಿಯನ್ನು 2022ರಲ್ಲಿ 280 ಲಕ್ಷ ಟನ್ನುಗಳಿಂದ 350 ಲಕ್ಷ ಟನ್ನುಗಳಿಗೆ ಏರಿಸಲಾಯಿತು. ದೇವದಾರಿ ಬೆಟ್ಟದ ಸುಮಾರು 401 ಹೆಕ್ಟೇರ್ ಅರಣ್ಯದಲ್ಲಿ ಗಣಿಗಾರಿಕೆ ನಡೆಸುವ ಪ್ರಸ್ತಾವ 2024ರಲ್ಲಿ ತೀವ್ರ ಚರ್ಚೆಗೆ ಗುರಿಯಾಯಿತು.

ಗಣಿಗಾರಿಕೆ ಬೇಡವೆಂದು ವಾದಿಸುವುದು ಈ ಲೇಖನದ ಉದ್ದೇಶವಲ್ಲ. ಅದಿರು ಒಮ್ಮೆ ತೆಗೆದರೆ ಮುಗಿಯುವ ದಾಸ್ತಾನು. ಕಾಡಿನ ದಾರಿಯಾದರೋ ಪ್ರತಿ ವರ್ಷ ಬಡ್ಡಿ ತರುವ ಠೇವಣಿ. ಬಡ್ಡಿಯ ಆಸೆಗೆ ದಾಸ್ತಾನನ್ನು ಬಿಡಬೇಕಿಲ್ಲ. ದಾಸ್ತಾನಿನ ಆತುರದಲ್ಲಿ ಠೇವಣಿಯನ್ನು ಮುರಿಯಲೂಬಾರದು. ಇವೆರಡೂ ಜೊತೆಯಾಗಿ ಸಾಗಬಲ್ಲವು ಎಂಬುದಕ್ಕೆ ಒಂದು ಉದಾಹರಣೆ ನಮ್ಮಲ್ಲೇ ಇದೆ. ನಂದಿಹಳ್ಳಿಯಿಂದ ಜೆಎಸ್‌ಡಬ್ಲ್ಯು ಉಕ್ಕು ಕಾರ್ಖಾನೆಗೆ ಸುಮಾರು 24 ಕಿ.ಮೀ. ಉದ್ದದ ಕೊಳವೆ ಮಾದರಿಯ ಕನ್ವೇಯರ್ ಅದಿರನ್ನು ಸಾಗಿಸುತ್ತದೆ. ಕನ್ವೇಯರ್ ಮತ್ತು ರೈಲಿನ ಮೂಲಕ ಹೋಗುವ ಪ್ರತಿಯೊಂದು ಟನ್ನಿನಿಂದಲೂ ರಸ್ತೆಯ ಭಾರ ಅಷ್ಟು ಇಳಿಯುತ್ತದೆ.

ಲಾಭದ ಲೆಕ್ಕ

ಕಾರಿನಲ್ಲಿ ಬಂದ 10 ಮಂದಿಯ ತಂಡವು ಬೆಳಿಗ್ಗೆ ಹಂಪಿ, ಮಧ್ಯಾಹ್ನ ಜಲಾಶಯ ನೋಡಿ ಸಂಜೆ ಹಿಂದಿರುಗಿದರೆ ಊರಿಗೆ ಉಳಿಯುವುದು ಒಂದೆರಡು ಹೊತ್ತಿನ ಊಟದ ಹಣ. ಸೈಕಲ್ ಸವಾರರು ದಿನಕ್ಕೆ ಸಾಮಾನ್ಯವಾಗಿ 40ರಿಂದ 50 ಕಿ.ಮೀ. ಕ್ರಮಿಸುತ್ತಾರೆಂದು ಭಾವಿಸೋಣ. ನಾಲ್ಕೂ ದಾರಿಗಳನ್ನು ನೋಡಲು 5 ದಿನ, 4 ರಾತ್ರಿ ಬೇಕು. ಇಬ್ಬರಿಗೊಂದು ಕೊಠಡಿಯಂತೆ 4 ರಾತ್ರಿಗೆ 20 ಕೊಠಡಿ ಬಾಡಿಗೆ, ದಿನಕ್ಕೆ 3 ಹೊತ್ತಿನಂತೆ 150 ಊಟ–ಉಪಾಹಾರ. ಜೊತೆಗೆ ಸೈಕಲ್ ಬಾಡಿಗೆ, ಪಂಕ್ಚರ್ ಅಂಗಡಿ, ಎಳನೀರು, ಸಂಡೂರಿನ ಲಂಬಾಣಿ ಕಸೂತಿ, ಆನೆಗೊಂದಿಯ ಬಾಳೆನಾರಿನ ವಸ್ತುಗಳು. ನಿಧಾನವೇ ಇಲ್ಲಿ ಲಾಭದ ಮೂಲ. ಅದರಲ್ಲೂ ಈ ಹಣ ದೊಡ್ಡ ಹೋಟೆಲುಗಳಲ್ಲಷ್ಟೇ ನಿಲ್ಲದೆ ಹಳ್ಳಿಯ ಚಹಾದಂಗಡಿಯವರೆಗೂ ತಲುಪುತ್ತದೆ.

ತೆರಿಗೆಯ ದೃಷ್ಟಿಯಿಂದಲೂ ಕಾಲ ಅನುಕೂಲವಾಗಿದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ದಿನಕ್ಕೆ 7,500 ರೂ. ವರೆಗಿನ ಕೊಠಡಿ ಬಾಡಿಗೆಗೂ ಶೇ. 5 ದರ ಅನ್ವಯಿಸುತ್ತದೆ. ಆದರೆ ಇದಕ್ಕೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ ಎಂಬುದನ್ನು ವಸತಿಗೃಹದ ಮಾಲೀಕರು ದರ ನಿಗದಿಪಡಿಸುವಾಗ ಮರೆಯಬಾರದು. ಸೇವೆ ಒದಗಿಸುವವರ ಒಟ್ಟು ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರದಿದ್ದರೆ ಸಾಮಾನ್ಯವಾಗಿ ನೋಂದಣಿಯ ಅಗತ್ಯವಿಲ್ಲ. ಸಣ್ಣ ಪ್ರಮಾಣದಲ್ಲಿ ಸೈಕಲ್ ಬಾಡಿಗೆಗೆ ಕೊಡುವ ಯುವಕರಿಗೆ ಇದು ಧೈರ್ಯ ತುಂಬುವ ಅಂಶ.

ಸಂಸ್ಥೆಯ ಮುಂದಿರುವ ಕಾರ್ಯಗಳು

2021ರಲ್ಲಿ ವಿಜಯನಗರ ಜಿಲ್ಲೆ ಅಸ್ತಿತ್ವಕ್ಕೆ ಬಂದ ಮೇಲೆ ಹೊಸಪೇಟೆ ಮತ್ತು ಹಂಪಿ ಆ ಜಿಲ್ಲೆಯಲ್ಲಿವೆ. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲಿವೆ. ಆನೆಗೊಂದಿ ಕೊಪ್ಪಳಕ್ಕೆ ಸೇರಿದೆ. ಸವಾರನಿಗೆ ಜಿಲ್ಲೆಯ ಗಡಿ ಕಾಣದು. ಕಡತಕ್ಕೆ ಕಾಣುತ್ತದೆ. ಮೂರು ಜಿಲ್ಲಾಡಳಿತಗಳನ್ನು ಒಂದೇ ಮೇಜಿನ ಸುತ್ತ ಕೂರಿಸುವ ಕೆಲಸಕ್ಕೆ ವಾಣಿಜ್ಯ ಸಂಸ್ಥೆಯೇ ತಕ್ಕದ್ದು. ಈ ಕೆಳಗಿನ ಸಲಹೆಗಳನ್ನು ಪರಿಶೀಲಿಸಬಹುದು:

1. ನಾಲ್ಕು ದಾರಿಗಳ ಒಂದು ನಕ್ಷೆಯನ್ನು ಕನ್ನಡ ಮತ್ತು ಇಂಗ್ಲಿಷಿನಲ್ಲಿ ಮುದ್ರಿಸಿ, ಹೊಸಪೇಟೆ ರೈಲು ನಿಲ್ದಾಣ ಹಾಗೂ ವಸತಿಗೃಹಗಳಲ್ಲಿ ಇಡುವುದು.

2. ಪ್ರತಿ ಕವಲಿನಲ್ಲೂ ದಿಕ್ಕು ಮತ್ತು ದೂರ ತೋರಿಸುವ ಫಲಕ ಹಾಕಿಸುವುದು. ಹಂಪಿ ಪರಿಸರದಲ್ಲಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಒಪ್ಪಿಗೆ ಪಡೆದೇ ಮುಂದುವರಿಯುವುದು.

3. ಭದ್ರ ನಿಲುಗಡೆ, ಗಾಳಿಯ ಪಂಪು, ಪಂಕ್ಚರ್ ಸಾಮಾನು, ಶುದ್ಧ ಕುಡಿಯುವ ನೀರು ಒದಗಿಸುವ ಹೋಟೆಲುಗಳಿಗೆ ಸಂಸ್ಥೆಯಿಂದಲೇ ಮಾನ್ಯತಾ ಫಲಕ ನೀಡುವುದು.

4. ಸಂಡೂರು ಭಾಗದಲ್ಲಿ ರಜಾದಿನಗಳ ಮುಂಜಾನೆ ಕೆಲವು ಗಂಟೆಗಳ ಕಾಲ ಗೊತ್ತಾದ ರಸ್ತೆಗಳಲ್ಲಿ ಲಾರಿ ಸಂಚಾರ ನಿಲ್ಲಿಸುವ ಬಗ್ಗೆ ಗಣಿ ಹಾಗೂ ಲಾರಿ ಮಾಲೀಕರೊಡನೆ ಮಾತುಕತೆ ನಡೆಸುವುದು.

5. ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಿಂದ ಈ ರಸ್ತೆಗಳ ಅಂಚು ದುರಸ್ತಿ ಮತ್ತು ನೆರಳುಮರ ನೆಡುವ ಕಾಮಗಾರಿಗೆ ಅನುದಾನ ಕೋರುವುದು.

ಇವುಗಳಲ್ಲಿ ಮೊದಲ ಮೂರಕ್ಕೆ ದೊಡ್ಡ ಹಣ ಬೇಕಿಲ್ಲ. ನಾಲ್ಕನೆಯದಕ್ಕೆ ಬೇಕಾದುದು ಪರಸ್ಪರ ವಿಶ್ವಾಸ. ಗಣಿ, ಸಾರಿಗೆ, ಹೋಟೆಲ್ ಉದ್ಯಮಗಳ ಹಿತ ಒಂದಕ್ಕೊಂದು ಬೆಸೆದಿರುವ ನಮ್ಮ ಊರುಗಳಲ್ಲಿ ಅದು ಅಸಾಧ್ಯವೇನಲ್ಲ. ಯಂತ್ರ ಸವೆದರೆ ಸವಕಳಿ ನಿಧಿಯಿಂದ ಹೊಸದನ್ನು ಕೊಳ್ಳಬಹುದು. ಕಾಡು ಹಾಗೂ ಅದರ ನಡುವಿನ ನೆಮ್ಮದಿಯ ದಾರಿಗೆ ಅಂತಹ ನಿಧಿ ಇಲ್ಲ. ಮುಂದಿನ ಚಳಿಗಾಲದ ಪ್ರವಾಸಿ ಋತುವಿಗೆ ಮೊದಲು ನಕ್ಷೆಯ ಕೆಲಸವನ್ನಾದರೂ ಸದಸ್ಯರು ಕೈಗೆತ್ತಿಕೊಳ್ಳಲೆಂದು ಆಶಿಸುತ್ತೇನೆ.