ಕ್ರಿಸ್‌ಮಸ್ ಗೋದಲಿ: ಮೇವಿನ ತೊಟ್ಟಿಯಲ್ಲಿ ಮಲಗಿದ ಮಗು ಹೇಳುವುದೇನು?

ಡಿಸೆಂಬರ್ ಬಂತೆಂದರೆ ಚರ್ಚ್‌ಗಳ ಅಂಗಳದಲ್ಲಿ, ಕ್ರೈಸ್ತರ ಮನೆಗಳಲ್ಲಿ ಗೋದಲಿ ಸಿದ್ಧವಾಗುತ್ತದೆ. ಹುಲ್ಲಿನ ಮಾಡು, ಬಾಲಯೇಸು, ಮರಿಯ, ಜೋಸೆಫ್, ಕುರುಬರು, ಒಂಟೆಗಳು, ಮೇಲೊಂದು ನಕ್ಷತ್ರ. ನೋಡಲು ಚೆಂದ. ಆದರೆ ಇದರ ಹಿಂದಿನ ಕಥೆ ಅಷ್ಟು ಸುಖದ್ದಲ್ಲ. ಗೋದಲಿ ಎಂದರೆ ದನಕ್ಕೆ ಮೇವು ಹಾಕುವ ತೊಟ್ಟಿ. ಬೇರೆಲ್ಲೂ ಜಾಗ ಸಿಗದೆ ಮಗುವನ್ನು ಅಲ್ಲಿ ಮಲಗಿಸಬೇಕಾಯಿತು.

ಕಥೆ ಬಂದಿದ್ದು ಎಲ್ಲಿಂದ?

ಬೈಬಲ್‌ನ ನಾಲ್ಕು ಸುವಾರ್ತೆಗಳ ಪೈಕಿ ಯೇಸುವಿನ ಜನನದ ಕಥೆ ಇರುವುದು ಮತ್ತಾಯ ಮತ್ತು ಲೂಕನ ಸುವಾರ್ತೆಗಳಲ್ಲಿ ಮಾತ್ರ. ರೋಮ್ ಚಕ್ರವರ್ತಿ ಅಗಸ್ಟಸ್ ಜನಗಣತಿಗೆ ಆಜ್ಞೆ ಹೊರಡಿಸಿದ್ದರಿಂದ ಜೋಸೆಫ್ ತುಂಬು ಗರ್ಭಿಣಿ ಮರಿಯಳೊಂದಿಗೆ ನಜರೇತಿನಿಂದ ಬೆತ್ಲೆಹೇಮಿಗೆ ಬಂದ ಎನ್ನುತ್ತದೆ ಲೂಕನ ಸುವಾರ್ತೆ. ನಕ್ಷತ್ರ ನೋಡಿ ಪೂರ್ವದಿಂದ ಬಂದ ಜ್ಞಾನಿಗಳು ಚಿನ್ನ, ಧೂಪ, ರಕ್ತಬೋಳಗಳನ್ನು ಅರ್ಪಿಸಿದ ಪ್ರಸಂಗ ಇರುವುದು ಮತ್ತಾಯನಲ್ಲಿ.

ಜ್ಞಾನಿಗಳು ಮೂವರು ಎಂದು ಬೈಬಲ್ ಹೇಳುವುದಿಲ್ಲ. ಕಾಣಿಕೆ ಮೂರಿದ್ದುದರಿಂದ ಆ ನಂಬಿಕೆ ಬೆಳೆಯಿತು. ಗೋದಲಿಯ ಎತ್ತು, ಕತ್ತೆಗಳೂ ಜನನದ ಕಥೆಯಲ್ಲಿಲ್ಲ. ಡಿಸೆಂಬರ್ 25 ಎಂಬ ದಿನಾಂಕವೂ ಬೈಬಲ್‌ನಲ್ಲಿಲ್ಲ, ಅದು ನಂತರ ರೂಢಿಗೆ ಬಂದದ್ದು.

800 ವರ್ಷಗಳ ಸಂಪ್ರದಾಯ

ಗೋದಲಿ ಸಂಪ್ರದಾಯ ಜನಪ್ರಿಯವಾಗಲು ಕಾರಣ ಅಸ್ಸಿಸಿಯ ಸಂತ ಫ್ರಾನ್ಸಿಸ್. 1223ರ ಕ್ರಿಸ್‌ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅವರು ಹುಲ್ಲು ತುಂಬಿದ ಮೇವಿನ ತೊಟ್ಟಿ ಇರಿಸಿ, ನಿಜವಾದ ಎತ್ತು, ಕತ್ತೆ ತಂದು ನಿಲ್ಲಿಸಿದರು. ಆ ಮಗು ಪಟ್ಟ ಕಷ್ಟವನ್ನು ಜನ ಕಣ್ಣಾರೆ ಕಾಣಬೇಕು ಎಂಬುದು ಅವರ ಆಸೆಯಾಗಿತ್ತು.

ದಿನನಿತ್ಯದ ಬದುಕಿಗೆ ಏನು ಅರ್ಥ?

ಮತ್ತಾಯನು ಯೇಸುವಿಗೆ ಅನ್ವಯಿಸುವ ಹೆಸರು 'ಇಮ್ಮಾನುವೇಲ್'. ಅಂದರೆ 'ದೇವರು ನಮ್ಮೊಂದಿಗಿದ್ದಾನೆ'. ದೇವರು ಅರಮನೆಗೆ ಬರಲಿಲ್ಲ, ಬಡವರ ನಡುವೆ, ಕೈಲಾಗದ ಕೂಸಾಗಿ ಬಂದ ಎಂಬುದೇ ಕ್ರೈಸ್ತ ನಂಬಿಕೆಯ ತಿರುಳು. ಹಾಗಾಗಿ ಮಕ್ಕಳ ಆರೈಕೆ, ಅಡುಗೆ, ದುಡಿಮೆ ಯಾವುದೂ ದೇವರಿಗೆ ಹೊರತಾದ ಕೆಲಸವಲ್ಲ.

ಶುಭವಾರ್ತೆ ಮೊದಲು ತಲುಪಿದ್ದು ರಾತ್ರಿ ಪಾಳಿಯಲ್ಲಿ ಮಂದೆ ಕಾಯುತ್ತಿದ್ದ ಕುರುಬರಿಗೆ. ಅವರು ಮಗುವನ್ನು ಕಂಡು, ದೇವರನ್ನು ಕೊಂಡಾಡುತ್ತಾ ಹಿಂದಿರುಗಿದರು. ಕೆಲಸ ಬಿಟ್ಟು ಸನ್ಯಾಸಿಗಳಾಗಿ ಎಂದು ಅವರಿಗೆ ಯಾರೂ ಹೇಳಲಿಲ್ಲ.

ಜೋಸೆಫ್ ಆಡಿದ ಒಂದು ಮಾತೂ ಸುವಾರ್ತೆಗಳಲ್ಲಿಲ್ಲ. ಆದರೆ ಹೆರೋದ ರಾಜ ಮಗುವನ್ನು ಕೊಲ್ಲಲು ಹುಡುಕುತ್ತಾನೆಂದು ಕನಸಿನಲ್ಲಿ ತಿಳಿದಾಗ ಆತ ರಾತ್ರೋರಾತ್ರಿ ತಾಯಿ, ಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಹೊರಟ. ಮನೆಯವರ ಹೊಣೆಯನ್ನು ಸದ್ದಿಲ್ಲದೆ ಹೊರುವವರ ಭಕ್ತಿ ಈ ಬಗೆಯದು.

ಗೋದಲಿ ಕೇಳುವ ಕಠಿಣ ಪ್ರಶ್ನೆಯೂ ಇಲ್ಲೇ ಇದೆ. ಹುಟ್ಟುವಾಗ ತಂಗಲು ಜಾಗ ಸಿಗದ, ಹುಟ್ಟಿದ ಮೇಲೆ ನಿರಾಶ್ರಿತನಾಗಿ ಪರದೇಶ ಸೇರಿದ ಮಗುವನ್ನು ಅಲಂಕರಿಸಿ ಪೂಜಿಸುವವರು, ಊರು ಬಿಟ್ಟು ಬಂದವರಿಗೆ ಬಾಡಿಗೆ ಮನೆ ಇಲ್ಲವೆನ್ನಬಹುದೇ? ಮನೆಗೆಲಸದವರನ್ನು ಹಬ್ಬದ ದಿನವೂ ಹೊಸ್ತಿಲಾಚೆಯೇ ನಿಲ್ಲಿಸಬಹುದೇ?

ಮಂಗಳೂರಿನ ಕ್ರೈಸ್ತರು ಊರಲ್ಲಿದ್ದರೂ ಮುಂಬೈಯಲ್ಲಿದ್ದರೂ ಕ್ರಿಸ್‌ಮಸ್‌ಗೆ 'ಕುಸ್ವಾರ್' ತಿಂಡಿಗಳನ್ನು ಜಾತಿ, ಮತ ನೋಡದೆ ನೆರೆಮನೆಗಳಿಗೆ ಹಂಚುತ್ತಾರೆ. ಹಂಚಿ ತಿನ್ನುವ ಈ ರೂಢಿ ಬೆತ್ಲೆಹೇಮಿನ ಕಥೆಗೆ ಚೆನ್ನಾಗಿ ಒಪ್ಪುತ್ತದೆ. ಆ ಊರಿನ ಹೆಸರಿಗೆ ಹೀಬ್ರೂ ಭಾಷೆಯಲ್ಲಿ 'ರೊಟ್ಟಿಯ ಮನೆ' ಎಂಬ ಅರ್ಥವಿದೆ.

ಹಲವು ಮನೆಗಳಲ್ಲಿ ಡಿಸೆಂಬರ್ 24ರ ರಾತ್ರಿಯವರೆಗೂ ಗೋದಲಿಯ ನಡುವಿನ ಜಾಗವನ್ನು ಖಾಲಿ ಬಿಟ್ಟು, ಆಮೇಲಷ್ಟೇ ಬಾಲಯೇಸುವನ್ನು ಮಲಗಿಸುತ್ತಾರೆ. ಬರುವವರಿಗೆ ಜಾಗ ಮಾಡಿಕೊಡುವುದನ್ನು ಮನೆಯ ಮಕ್ಕಳು ಕಲಿಯುವುದು ಅಲ್ಲಿಂದಲೇ.