ಸೈನ್ಯದ ಹಳೆಯ ಬೆನ್ನುಚೀಲ: ಬೆಲೆ ಬೇರೆ, ವೆಚ್ಚ ಬೇರೆ

ಕೆಲವು ವರ್ಷಗಳ ಹಿಂದೆ, ಮಾರ್ಚ್ ಅಂತ್ಯದ ಲೆಕ್ಕಪತ್ರಗಳ ಗಡಿಬಿಡಿಯ ನಡುವೆ, ನನ್ನ ಹಳೆಯ ಕಕ್ಷಿದಾರರೊಬ್ಬರು ಹಸಿರು ಬಣ್ಣದ ದೊಡ್ಡ ಚೀಲವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಹೊರಗೆ ಮೂರು ಜೇಬು, ಬೆನ್ನ ಕಡೆ ಅಲ್ಯೂಮಿನಿಯಂ ಕೊಳವೆಯ ಚೌಕಟ್ಟು, ಒಳಗಿನಿಂದ ಹಳೆಯ ಗೋದಾಮಿನ ಮುಗ್ಗುಲು ವಾಸನೆ. ಕೊಲರಾಡೊದಲ್ಲಿರುವ ಅವರ ಅಳಿಯ ರಜೆಗೆ ಬಂದಾಗ ಹೊತ್ತು ತಂದ ಅಮೆರಿಕದ ಸೈನ್ಯದ ಚೀಲವದು. "ಸಾಹೇಬರೇ, ಅಲ್ಲಿ ಇವನ್ನು ಮೂಟೆಗಟ್ಟಲೆ ಮಾರ್ತಾರಂತೆ. ಬೇಟೆಗಾರರು, ಚಾರಣದವರು ಮುಗಿಬಿದ್ದು ಕೊಳ್ತಾರಂತೆ. ನಮ್ಮಲ್ಲೂ ಈಗ ಹುಡುಗರು ಬೆಟ್ಟ ಹತ್ತೋದು ಹೆಚ್ಚಾಗಿದೆ. ಇದರಲ್ಲಿ ಎಷ್ಟು ಗಿಟ್ಟೀತು?" ಎಂದು ಕೇಳಿದರು. ಅವರು ಆ ವೇಳೆಗಾಗಲೇ ಮುಂಗಡ ಹಣ ಕಳುಹಿಸಿಯಾಗಿತ್ತು ಎಂಬುದು ನನಗೆ ತಿಳಿದದ್ದು ಆಮೇಲೆ.

ಒಂದು ಸರಕಿಗೆ ಅದರ ಮೂಲದೇಶದಲ್ಲಿ ಬೇಡಿಕೆ ಏಕಿದೆ ಎಂಬುದನ್ನು ಅರಿಯದೆ ಇಲ್ಲಿ ಅದಕ್ಕೆ ಬೆಲೆ ಕಟ್ಟುವುದು ಅಪಾಯಕರ. ಆ ಕಾರಣದಿಂದಲೇ ನಾನು ಈ ವಿಷಯದ ಬೆನ್ನು ಹತ್ತಿದೆ. ತಿಳಿದುಬಂದ ಸಂಗತಿಗಳು ಚೀಲ ಹೊಲಿಯುವವರಿಗೂ ಹಳೆಯ ಸರಕಿನ ವ್ಯಾಪಾರಸ್ಥರಿಗೂ ಉಪಯುಕ್ತವಾಗಬಹುದೆಂದು ಇಲ್ಲಿ ನಿವೇದಿಸುತ್ತಿದ್ದೇನೆ.

ಆಲಿಸ್ ಎಂಬ ಚೀಲ

ನನ್ನ ಮೇಜಿನ ಮೇಲಿದ್ದುದು 'ಆಲಿಸ್' ಎಂಬ ಸಂಕ್ಷಿಪ್ತನಾಮದಿಂದ ಪ್ರಸಿದ್ಧವಾದ ಸಾಗಣೆ ಸಾಧನಗಳ ಸಮೂಹಕ್ಕೆ ಸೇರಿದ ಚೀಲ. ಅಮೆರಿಕದ ಭೂಸೇನೆಯು ಇದನ್ನು 1973ರಲ್ಲಿ ಅಂಗೀಕರಿಸಿತು. ಮಧ್ಯಮ ಮತ್ತು ದೊಡ್ಡದು ಎಂಬ ಎರಡು ಗಾತ್ರಗಳು. ಮಧ್ಯಮ ಚೀಲವನ್ನು ಚೌಕಟ್ಟಿಲ್ಲದೆಯೂ ಬಳಸಬಹುದು. ದೊಡ್ಡದಕ್ಕೆ ಚೌಕಟ್ಟು ಕಡ್ಡಾಯ. ಮೊದಲನೆಯದಕ್ಕೆ 50 ಪೌಂಡ್, ಅಂದರೆ ಸುಮಾರು 23 ಕೆ.ಜಿ., ಎರಡನೆಯದಕ್ಕೆ 70 ಪೌಂಡ್, ಅಂದರೆ ಸುಮಾರು 32 ಕೆ.ಜಿ. ಭಾರವನ್ನು ನಿಗದಿಪಡಿಸಲಾಗಿತ್ತು. 1997ರಲ್ಲಿ ಪರಿಚಯವಾದ 'ಮಾಲಿ' ಎಂಬ ಹೊಸ ವ್ಯವಸ್ಥೆಯು ಕ್ರಮೇಣ ಇದರ ಸ್ಥಾನವನ್ನು ಆಕ್ರಮಿಸಿತು. ಮಾಲಿಯ ಆರಂಭದ ಪ್ಲಾಸ್ಟಿಕ್ ಚೌಕಟ್ಟುಗಳು ಮುರಿಯುತ್ತಿದ್ದುದರಿಂದ ಮರೀನ್ ದಳವು 2000ದ ದಶಕದ ಮಧ್ಯಭಾಗದಲ್ಲಿ ಕೆನಡಾದ ಆರ್ಕ್‌ಟೆರಿಕ್ಸ್ ಸಂಸ್ಥೆಯು ವಿನ್ಯಾಸಗೊಳಿಸಿದ ಬೇರೊಂದು ಚೀಲವನ್ನು ಆಯ್ದುಕೊಂಡಿತು. ಮುಂದೆ ಅದನ್ನೂ ಬದಲಿಸಿತು.

ಪ್ರತಿಯೊಂದು ಬದಲಾವಣೆಯೂ ಒಂದು ಪೀಳಿಗೆಯ ಚೀಲಗಳನ್ನು ಮಾರುಕಟ್ಟೆಗೆ ತಳ್ಳುತ್ತದೆ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಸೈನ್ಯವು ಇವನ್ನು ಮಾರುವುದು ಲಾಭಕ್ಕಾಗಿ ಅಲ್ಲ, ಗೋದಾಮು ಖಾಲಿ ಮಾಡುವುದಕ್ಕಾಗಿ. ಆದುದರಿಂದ ಮಾರಾಟದ ಬೆಲೆಗೂ ಉತ್ಪಾದನಾ ವೆಚ್ಚಕ್ಕೂ ಯಾವ ಸಂಬಂಧವೂ ಇರುವುದಿಲ್ಲ. ನಮ್ಮಲ್ಲಿ ಹಬ್ಬ ಕಳೆದ ಮರುದಿನ ಪಟಾಕಿ ಅಂಗಡಿಯ ಮುಂದೆ ನಿಂತವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೇಟೆಗಾರನ ಲೆಕ್ಕ, ಚಾರಣಿಗನ ಲೆಕ್ಕ

ಅಮೆರಿಕದಲ್ಲಿ ಬೇಟೆಯು ಪರವಾನಗಿಗೆ ಒಳಪಟ್ಟ, ಕಾನೂನುಬದ್ಧವಾದ ಚಟುವಟಿಕೆ. ರಾಷ್ಟ್ರೀಯ ಅರಣ್ಯಗಳೇ ಸುಮಾರು 19 ಕೋಟಿ ಎಕರೆಗಳಿದ್ದು, ಪಶ್ಚಿಮದ ರಾಜ್ಯಗಳಲ್ಲಿ ರಸ್ತೆಯಿಂದ ಮೈಲುಗಟ್ಟಲೆ ಒಳಗೆ ನಡೆದುಹೋಗಿ ಬೇಟೆಯಾಡುವವರು ಅನೇಕರು. ಅಲ್ಲಿನ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೆಳೆದ ಗಂಡು 300 ಕೆ.ಜಿ.ಗೂ ಮೀರಿ ತೂಗುವುದುಂಟು. ಎಲುಬು ತೆಗೆದ ಮಾಂಸವೇ 80ರಿಂದ 100 ಕೆ.ಜಿ. ಆದೀತು. ಕೊಲರಾಡೊ, ಮೊಂಟಾನಾ, ಅಲಾಸ್ಕ ಮುಂತಾದ ರಾಜ್ಯಗಳಲ್ಲಿ ತಿನ್ನಲು ಯೋಗ್ಯವಾದ ಮಾಂಸವನ್ನು ಕಾಡಿನಲ್ಲೇ ಕೊಳೆಯಲು ಬಿಟ್ಟು ಬರುವುದು ದಂಡನಾರ್ಹ ಅಪರಾಧ. ಅಂದರೆ ಹೊಡೆದ ಮೇಲೆ ಹೊರಲೇಬೇಕು. ಒಬ್ಬನೇ ಇದ್ದರೆ ಮೂರು ನಾಲ್ಕು ಸಲ ಹೋಗಿಬರಬೇಕು.

ಇಲ್ಲಿ ಆಲಿಸ್ ಚೌಕಟ್ಟಿನ ಉಪಯೋಗ. ಚೀಲವನ್ನು ಬಿಚ್ಚಿ ತೆಗೆದು, ಚೌಕಟ್ಟಿನ ಕೆಳಭಾಗಕ್ಕೆ ಒಂದು ಲೋಹದ ಹಲಗೆಯನ್ನು ಸಿಕ್ಕಿಸಬಹುದು. ರೇಡಿಯೊ, ಮದ್ದುಗುಂಡಿನ ಪೆಟ್ಟಿಗೆ, ನೀರಿನ ಕ್ಯಾನು ಹೊರಲೆಂದು ಸೈನ್ಯವು ಮಾಡಿಸಿದ ಭಾಗವದು. ಬೇಟೆಗಾರನು ಅದರ ಮೇಲೆ ಬಟ್ಟೆಯ ಚೀಲದಲ್ಲಿ ಸುತ್ತಿದ ತೊಡೆಯ ಭಾಗವನ್ನಿಟ್ಟು ಪಟ್ಟಿಗಳಿಂದ ಬಿಗಿಯುತ್ತಾನೆ. ಚೌಕಟ್ಟಿಗೂ ಬೆನ್ನಿಗೂ ನಡುವೆ ಗಾಳಿ ಆಡುತ್ತದೆ. ರಕ್ತ ಸೋರಿದರೂ ಅಲ್ಯೂಮಿನಿಯಂ ಆದುದರಿಂದ ತೊಳೆದರೆ ಮುಗಿಯಿತು. ದುಬಾರಿ ಚೀಲವನ್ನು ಕೊಂಡವನು ಅದನ್ನು ರಕ್ತಸಿಕ್ತ ಮಾಡಲು ಹಿಂಜರಿಯುವುದು ಸಹಜವಲ್ಲವೆ?

ಚಾರಣಿಗನ ವಿಷಯ ಬೇರೆ. ದೊಡ್ಡ ಆಲಿಸ್ ಚೀಲವು ಚೌಕಟ್ಟು ಸಹಿತ ಸುಮಾರು 3 ಕೆ.ಜಿ. ತೂಗುತ್ತದೆ. ಹಿಡಿಯುವುದು ಸುಮಾರು 60 ಲೀಟರು. ಇಂದಿನ ಹಗುರ ಚೀಲಗಳು ಅಷ್ಟೇ ಸಾಮಾನು ಹಿಡಿದು ಒಂದು ಕಿಲೋದ ಆಸುಪಾಸಿನಲ್ಲಿರುವುದುಂಟು. ಚಾರಣಿಗನು ತನ್ನ ದೇಹತೂಕದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಹೊರಬಾರದೆಂಬುದು ರೂಢಿಯ ಮಾತು. 70 ಕೆ.ಜಿ. ತೂಕದವನಿಗೆ ಅದು 14 ಕೆ.ಜಿ. ಅದರಲ್ಲಿ 3 ಕೆ.ಜಿ. ಚೀಲವೇ ಆದರೆ ಶೇಕಡಾ 21ರಷ್ಟು ಹೊರೆ ಚೀಲಕ್ಕೇ ಹೋಯಿತು. ಅದೇ ಬೇಟೆಗಾರನು 30 ಕೆ.ಜಿ. ಮಾಂಸ ಹೊತ್ತು ಮರಳುವಾಗ ಒಟ್ಟು 33 ಕೆ.ಜಿ.ಯಲ್ಲಿ ಚೀಲದ ಪಾಲು ಶೇಕಡಾ 9 ಮಾತ್ರ. ಚೀಲ ಬಿಚ್ಚಿ ಬರಿಯ ಚೌಕಟ್ಟಿನಲ್ಲಿ ಹೊತ್ತರೆ ಇನ್ನೂ ಕಡಿಮೆ. ವೆಚ್ಚಲೆಕ್ಕದ ಪರಿಚಯವಿರುವ ಓದುಗರಿಗೆ ಇದು ಹೊಸತೇನಲ್ಲ. ಮೇಲ್ವೆಚ್ಚ ಸ್ಥಿರವಾಗಿರುವಾಗ ಉತ್ಪಾದನೆ ಹೆಚ್ಚಿದಷ್ಟೂ ಪ್ರತಿ ಘಟಕದ ಮೇಲಿನ ಭಾರ ಇಳಿಯುತ್ತದೆ. ಒಂದೇ ಬೆಲೆಯ ಒಂದೇ ಚೀಲ ಬೇಟೆಗಾರನಿಗೆ ಅಗ್ಗ, ಚಾರಣಿಗನಿಗೆ ದುಬಾರಿ.

ಹಾಗಿದ್ದರೂ ಚಾರಣಿಗರು ಇದನ್ನು ಕೊಳ್ಳುತ್ತಾರೆ. ಹೊಸದಾಗಿ ಅಭ್ಯಾಸ ಆರಂಭಿಸುವ ವಿದ್ಯಾರ್ಥಿಗಳಿಗೆ, ಬಂಡೆ ಮುಳ್ಳುಗಳ ನಡುವೆ ನುಗ್ಗುವವರಿಗೆ ಬಟ್ಟೆಯ ಗಟ್ಟಿತನವೇ ಮುಖ್ಯ. ಆದರೆ ಮೂಲ ಸೊಂಟಪಟ್ಟಿ ತೆಳುವಾದುದು, ಚೌಕಟ್ಟಿನ ಕೆಳ ಅಂಚು ಸೊಂಟದ ಮೇಲೆ ಒತ್ತುತ್ತದೆ. ಇದಕ್ಕೆ ಅವರೇ ಕಂಡುಕೊಂಡ ಉಪಾಯವೆಂದರೆ ಆಲಿಸ್ ಚೀಲವನ್ನು ಮಾಲಿಯ ಸುಧಾರಿತ ಪ್ಲಾಸ್ಟಿಕ್ ಚೌಕಟ್ಟಿಗೆ ಕಟ್ಟಿ, ಮಾಲಿಯ ದಪ್ಪ ಸೊಂಟಪಟ್ಟಿ ಹಾಗೂ ಭುಜಪಟ್ಟಿಗಳನ್ನು ಜೋಡಿಸುವುದು. ಎರಡು ಪೀಳಿಗೆಗಳ ಭಾಗಗಳು ಹೀಗೆ ಒಂದಕ್ಕೊಂದು ಹೊಂದುತ್ತವೆ. ಐವತ್ತು ವರ್ಷಗಳ ಹಿಂದಿನ ಸರಕಿಗೆ ಇಂದಿಗೂ ಬಕಲ್ಲು, ಪಟ್ಟಿ, ಚೌಕಟ್ಟು ಬಿಡಿಯಾಗಿ ಸಿಗುತ್ತವೆ ಎಂದಾದರೆ ಅದು ಹಳತಾಗಿರಬಹುದು, ಸತ್ತಿಲ್ಲ.

ಇನ್ನೊಂದು ಕಾನೂನಿನ ತೊಡಕನ್ನೂ ಹೇಳಬೇಕು. ಕೊಲರಾಡೊದಲ್ಲಿ ಬಂದೂಕಿನಿಂದ ದೊಡ್ಡ ಪ್ರಾಣಿಗಳ ಬೇಟೆಗೆ ಹೊರಟವನು ಸೊಂಟದ ಮೇಲ್ಭಾಗದಲ್ಲಿ ಕನಿಷ್ಠ 500 ಚದರ ಅಂಗುಲ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣವನ್ನು ಧರಿಸಿರಬೇಕು. ಇತರ ಬೇಟೆಗಾರರಿಗೆ ಅವನು ಕಾಣಲಿ ಎಂಬುದು ಉದ್ದೇಶ. ಸೈನ್ಯದ ಚೀಲವಾದರೋ ಕಾಣಬಾರದೆಂದೇ ಬಣ್ಣ ಬಳಿದದ್ದು. ದೊಡ್ಡ ಹಸಿರು ಚೀಲ ಬೆನ್ನಿನ ಕಿತ್ತಳೆ ಬಣ್ಣವನ್ನು ಪೂರ್ಣ ಮುಚ್ಚಿಬಿಡುತ್ತದೆ. ಅದರ ಮೇಲೆ ಕಿತ್ತಳೆ ಹೊದಿಕೆ ಹಾಕುವುದು ಅನಿವಾರ್ಯ. ಚೀಲ ಮಾರುವ ಅಂಗಡಿಯವನು ಹೊದಿಕೆಯನ್ನೂ ಮಾರಿಕೊಳ್ಳುತ್ತಾನೆ.

ಲೇಬಲ್ ಓದುವುದು

ಹಳೆಯ ಸರಕಿನಲ್ಲಿ ಮೋಸ ಹೋಗುವ ಸಂಭವ ಹೆಚ್ಚು. ಆಲಿಸ್ ನಮೂನೆಯ ಅಗ್ಗದ ನಕಲುಗಳು ಧಾರಾಳವಾಗಿವೆ. ಅಸಲಿ ಚೀಲದೊಳಗೆ ಹೊಲಿದ ಲೇಬಲ್ಲಿನಲ್ಲಿ ಎರಡು ಸಂಖ್ಯೆಗಳನ್ನು ಹುಡುಕಬೇಕು. ಒಂದು, 13 ಅಂಕಿಗಳ ದಾಸ್ತಾನು ಸಂಖ್ಯೆ. ಮೊದಲ ನಾಲ್ಕು ಅಂಕಿಗಳು ಸರಕಿನ ವರ್ಗ. ಸೈನಿಕನ ವೈಯಕ್ತಿಕ ಸಾಧನಗಳಿಗೆ 8465. ನಂತರದ ಎರಡು ಅಂಕಿ ದೇಶದ್ದು. ಅಮೆರಿಕಕ್ಕೆ 00 ಅಥವಾ 01. ಇನ್ನೊಂದು, ಗುತ್ತಿಗೆಯ ಸಂಖ್ಯೆ. 'ಡಿಎಲ್‌ಎ 100-85-ಸಿ' ಎಂದು ಆರಂಭವಾದರೆ ನಡುವಿನ 85 ಎಂಬುದು 1985ರ ಆರ್ಥಿಕ ವರ್ಷ. 'ಡಿಎಸ್‌ಎ' ಎಂದಿದ್ದರೆ ಆ ಗುತ್ತಿಗೆ ಹೆಚ್ಚು ಹಳೆಯದು; ಏಕೆಂದರೆ ಖರೀದಿ ಸಂಸ್ಥೆಯ ಹೆಸರು 1977ರಲ್ಲಿ ಬದಲಾಯಿತು. ಲೇಬಲ್ ಕಿತ್ತುಹಾಕಿದ ಚೀಲಕ್ಕೆ ನಾನಾಗಿದ್ದರೆ ಪೂರ್ಣ ಬೆಲೆ ಕೊಡಲಾರೆ.

ಲೇಬಲ್ ಸರಿಯಿದ್ದರೂ ಸಾಲದು. ನೈಲಾನ್ ಬಟ್ಟೆಯ ಒಳಮೈಗೆ ಬಳಿದ ಪಾಲಿಯುರೆಥೇನ್ ಲೇಪನವು ತೇವದಲ್ಲಿ ವರ್ಷಗಟ್ಟಲೆ ಬಿದ್ದರೆ ಅಂಟಂಟಾಗಿ, ಕೊನೆಗೆ ಹೊಟ್ಟಿನಂತೆ ಉದುರುತ್ತದೆ. ಬಟ್ಟೆ ಹರಿಯದಿದ್ದರೂ ನೀರು ತಡೆಯುವ ಗುಣ ಹೋಗಿರುತ್ತದೆ. ಕೈ ಒಳಗೆ ಹಾಕಿ ಬೆರಳು ಅಂಟುವುದೇ ನೋಡಬೇಕು. ಚೌಕಟ್ಟಿನ ರಿವೆಟ್ಟುಗಳು ಸಡಿಲವಾಗಿದ್ದರೆ ನಡೆಯುವಾಗ ಕಿರುಗುಟ್ಟುತ್ತದೆ. ಚಾರಣಿಗನಿಗೆ ಅದು ಕಿರಿಕಿರಿ, ಬೇಟೆಗಾರನಿಗೆ ನಷ್ಟ.

ಇನ್ನು ಈ ಚೀಲಗಳನ್ನು ಹೊಲಿದವರು ಯಾರು? 1941ರಿಂದ ಜಾರಿಯಲ್ಲಿರುವ ಬೆರಿ ತಿದ್ದುಪಡಿ ಎಂಬ ವಿಧಿಯಂತೆ ಅಮೆರಿಕದ ರಕ್ಷಣಾ ಇಲಾಖೆಯು ಬಟ್ಟೆ ಹಾಗೂ ಹೊಲಿಗೆಯ ಸರಕನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ದೇಶದೊಳಗೆ ತಯಾರಾದದ್ದನ್ನೇ ಕೊಳ್ಳಬೇಕು. ನಾಗರಿಕರ ಚೀಲಗಳ ಹೊಲಿಗೆಯು ಏಷ್ಯಾದ ದೇಶಗಳಿಗೆ ಸಾಗಿಹೋದ ಮೇಲೂ ಅಲ್ಲಿನ ಹೊಲಿಗೆ ಘಟಕಗಳು ಉಳಿದುಕೊಂಡಿರುವುದಕ್ಕೆ ಇದೊಂದು ದೊಡ್ಡ ಕಾರಣ. ಅಂಧರನ್ನು ನೇಮಿಸಿಕೊಂಡ ಲಾಭರಹಿತ ಸಂಸ್ಥೆಗಳಿಂದ ಸರ್ಕಾರವು ಕೊಳ್ಳಬೇಕೆಂಬ ಕಾಯ್ದೆಯು 1938ರಲ್ಲೇ ಬಂದಿದ್ದು, 1971ರಲ್ಲಿ ಇತರ ತೀವ್ರ ಅಂಗವೈಕಲ್ಯವುಳ್ಳವರಿಗೂ ವಿಸ್ತಾರವಾಯಿತು. ನಮ್ಮ ಸಣ್ಣ ಉದ್ಯಮಿಗಳು ಖರೀದಿ ಮೀಸಲಾತಿಯ ಬಗ್ಗೆ ಮನವಿ ಸಲ್ಲಿಸುವಾಗ ಈ ನಿದರ್ಶನವನ್ನು ಉಲ್ಲೇಖಿಸಬಹುದು.

ಸೈನ್ಯಕ್ಕೆ ಬೇಡವಾದ ಸರಕು ಮಿಷಿಗನ್‌ನ ಬ್ಯಾಟಲ್ ಕ್ರೀಕ್‌ನಲ್ಲಿ ಕೇಂದ್ರ ಕಚೇರಿಯುಳ್ಳ ವಿಲೇವಾರಿ ವಿಭಾಗಕ್ಕೆ ಸೇರುತ್ತದೆ. ಅಲ್ಲಿ ಮೊದಲು ಸೈನ್ಯದ ಇತರ ಘಟಕಗಳಿಗೆ, ಬಳಿಕ ಕೇಂದ್ರದ ಇಲಾಖೆಗಳಿಗೆ, ಆಮೇಲೆ ರಾಜ್ಯಗಳಿಗೆ ಅವಕಾಶ; ಉಳಿದದ್ದು ಗುತ್ತಿಗೆದಾರರ ಮೂಲಕ ಹರಾಜಿಗೆ. ಈ ವ್ಯಾಪಾರದ ಬೇರು ಹಳೆಯದು. ಬ್ಯಾನರ್‌ಮನ್ ಎಂಬ ನ್ಯೂಯಾರ್ಕಿನ ವರ್ತಕ ಮನೆತನವು 1865ರಲ್ಲಿ, ಅಂತರ್ಯುದ್ಧ ಮುಗಿದಾಗ, ಮಿಲಿಟರಿ ಹರಾಜುಗಳಲ್ಲಿ ಕೊಂಡು ಮಾರಲಾರಂಭಿಸಿತು. 1898ರ ಸ್ಪೇನ್ ಯುದ್ಧದ ನಂತರ ಕೊಂಡ ಮದ್ದುಗುಂಡು ಎಷ್ಟಿತ್ತೆಂದರೆ ನಗರದೊಳಗೆ ಇಡುವಂತಿರಲಿಲ್ಲ. 1900ರಲ್ಲಿ ಹಡ್ಸನ್ ನದಿಯ ನಡುಗಡ್ಡೆಯೊಂದನ್ನೇ ಕೊಂಡು ಗೋದಾಮು ಕಟ್ಟಿದರು. 1920ರಲ್ಲಿ ಅದರ ಒಂದು ಭಾಗ ಸ್ಫೋಟಿಸಿತು. ದಾಸ್ತಾನು ಹಿಡಿದಿಡುವ ವೆಚ್ಚದ ಬಗ್ಗೆ ನಾವು ಮಾತಾಡುವಾಗ ಸಾಮಾನ್ಯವಾಗಿ ಬಡ್ಡಿ, ಬಾಡಿಗೆಗಳನ್ನಷ್ಟೆ ನೆನೆಯುತ್ತೇವೆ!

ತೆರಿಗೆಯ ಒಂದು ಮಾತನ್ನು ಸೇರಿಸದಿದ್ದರೆ ನನ್ನ ವೃತ್ತಿಗೆ ನ್ಯಾಯ ಸಲ್ಲದು. ಅಲ್ಲಿ ಉದ್ದ ಬಂದೂಕು ಹಾಗೂ ಮದ್ದುಗುಂಡಿನ ಮೇಲೆ 1937ರ ಕಾಯ್ದೆಯಂತೆ ಶೇಕಡಾ 11ರಷ್ಟು ಅಬಕಾರಿ ಸುಂಕ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆ. ಬೆನ್ನುಚೀಲಕ್ಕೆ ಅಂತಹ ಸುಂಕವಿಲ್ಲ. 1990ರ ದಶಕದಲ್ಲಿ ಹೊರಾಂಗಣ ಸಾಮಗ್ರಿಗಳ ಮೇಲೂ ವಿಧಿಸುವ ಪ್ರಸ್ತಾವ ಬಂದು, ಉದ್ಯಮದ ವಿರೋಧದಿಂದ ಬಿದ್ದುಹೋಯಿತು. ಬೇಟೆಗಾರನು ಕಾಡಿಗೆ ತೆರಿಗೆ ಕೊಡುತ್ತಾನೆ, ಚಾರಣಿಗನು ಕೊಡುವುದಿಲ್ಲ ಎಂಬ ಜಗಳ ಅಲ್ಲಿ ಇಂದಿಗೂ ಮುಗಿದಿಲ್ಲ.

ನಮ್ಮ ಕಕ್ಷಿದಾರರ ಮೂಟೆಗಳು

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೇರೆಗೆ ಬೇಟೆ ನಿಷಿದ್ಧ. ಅಂದಮೇಲೆ ಈ ಚೀಲವನ್ನು ಅಗ್ಗವಾಗಿಸುವ ಗ್ರಾಹಕನೇ ಇಲ್ಲಿಲ್ಲ. ಅದನ್ನು ದುಬಾರಿಯಾಗಿ ಕಾಣುವ ಚಾರಣಿಗನೊಬ್ಬನೇ ಉಳಿದ. ನಾನು ಕಕ್ಷಿದಾರರಿಗೆ ಮೊದಲು ಹೇಳಿದ್ದು ಇದನ್ನೇ. ಎರಡನೆಯದಾಗಿ ಹೇಳಿದ್ದು ಹೆಚ್ಚು ಗಂಭೀರವಾದುದು: ವಿದೇಶ ವ್ಯಾಪಾರ ನೀತಿಯಂತೆ ಬಂಡವಾಳ ಸರಕಲ್ಲದ ಬಳಸಿದ ವಸ್ತುಗಳ ಆಮದು ನಿರ್ಬಂಧಿತ, ಮುಂಚಿತವಾಗಿ ಅನುಮತಿಪತ್ರ ಪಡೆಯಬೇಕು.

ಅವರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ನಂತರ, "ಮೂಟೆಗಳು ಹಡಗಿಗೆ ಏರಿಯಾಗಿದೆ ಸಾಹೇಬರೇ," ಎಂದರು.

ಮುಂದಿನದನ್ನು ವಿಸ್ತರಿಸುವುದಿಲ್ಲ. ಸರಕು ಬಂದರಿನಲ್ಲಿ ತಡೆಹಿಡಿಯಲ್ಪಟ್ಟಿತು. ಸುಂಕ ಕಾಯ್ದೆಯ 125ನೇ ಕಲಮಿನಂತೆ ಮುಟ್ಟುಗೋಲಿಗೆ ಬದಲಾಗಿ ವಿಮೋಚನಾ ದಂಡ, 112ರಂತೆ ಪ್ರತ್ಯೇಕ ದಂಡ, ಜೊತೆಗೆ ದಿನದಿನಕ್ಕೆ ಬೆಳೆಯುವ ಡೆಮರೇಜ್. ಎಲ್ಲ ಕೂಡಿಸಿದಾಗ ಚೀಲಗಳ ಮೂಲಬೆಲೆಯನ್ನು ಮೀರಿತು. ಬಿಡಿಸಿಕೊಳ್ಳುವುದೋ ಕೈಬಿಡುವುದೋ ಎಂದು ಎರಡು ಹಾಳೆಯ ಲೆಕ್ಕ ಬರೆದು ತೋರಿಸಿದೆ. ಮಗಳ ಮದುವೆಯ ವರ್ಷದಲ್ಲಿ ಅವರು ಕೈಬಿಟ್ಟರು. ಮುಂಗಡವನ್ನು ನಷ್ಟದ ಬಾಬ್ತಿಗೆ ಹಾಕಿದೆವು. ಇಂತಹ ದಂಡವು ಆದಾಯ ತೆರಿಗೆಯಲ್ಲಿ ವ್ಯಾಪಾರದ ಖರ್ಚೆಂದು ಮಾನ್ಯವಾಗುವುದಿಲ್ಲ ಎಂಬುದನ್ನು ಸಾಂದರ್ಭಿಕವಾಗಿ ನೆನಪಿಸಬಯಸುತ್ತೇನೆ.

ಇಲ್ಲಿಯೇ ಕೊಂಡು ಮಾರುವ ಹಳೆಯ ಸರಕಿಗೆ ಆಮದಿನ ಈ ತೊಡಕಿಲ್ಲ. ಜಿಎಸ್‌ಟಿ ನಿಯಮ 32(5)ರಂತೆ, ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದ ವ್ಯಾಪಾರಿಯು ಮಾರಾಟ ಮತ್ತು ಖರೀದಿ ಬೆಲೆಗಳ ಅಂತರದ ಮೇಲಷ್ಟೇ ತೆರಿಗೆ ಕಟ್ಟಬಹುದು. ಆದರೆ ನಮ್ಮ ಭೂಸೇನೆಯ ಹೊಸ ಸಮರವಸ್ತ್ರದ ಮಾದರಿಯು 2022ರಲ್ಲಿ ನೋಂದಣಿಯಾಗಿದೆ. ಆ ಚಿತ್ತಾರದ ಬಟ್ಟೆಯಲ್ಲಿ ಚೀಲ ಹೊಲಿದು ಮಾರಹೊರಡುವವರು ಮೊದಲು ವಕೀಲರನ್ನು ಕಾಣುವುದು ಒಳಿತು. ಒಂದೇ ಬಣ್ಣದ ಹಸಿರಿಗೋ ಖಾಕಿಗೋ ಆ ತೊಂದರೆಯಿಲ್ಲ.

ಮಾದರಿಯ ಚೀಲವೊಂದು ಅವರ ಬಳಿಯೇ ಉಳಿಯಿತು. ಅದರ ಹೊಲಿಗೆಯನ್ನು ಬಿಚ್ಚಿ, ಭಾರ ಬೀಳುವ ಜಾಗಗಳಲ್ಲಿ ಪಟ್ಟಿಯನ್ನು ಚೌಕವಾಗಿ ಹೊಲಿದು ನಡುವೆ ಅಡ್ಡಗೆರೆ ಎಳೆದಿರುವ ಕ್ರಮವನ್ನು ಅವರ ದರ್ಜಿ ಕಲಿತುಕೊಂಡಿದ್ದಾನೆ. ಈಗ ಅವರ ಅಂಗಡಿಯಲ್ಲಿ ಶಾಲಾಚೀಲಗಳ ಭುಜಪಟ್ಟಿಗಳನ್ನು ಅದೇ ಕ್ರಮದಲ್ಲಿ ಹೊಲಿಯಲಾಗುತ್ತಿದೆ. ಕಳೆದ ಜೂನ್‌ನಲ್ಲಿ ಶಾಲೆ ತೆರೆದ ಬಳಿಕ, ಪಟ್ಟಿ ಕಿತ್ತುಬಂತೆಂದು ಹಿಂದಿರುಗಿದ ಚೀಲಗಳು ಎಷ್ಟು ಎಂದು ವಿಚಾರಿಸಿದೆ. ಪುಸ್ತಕ ತೆಗೆದು ನೋಡಿ, "ಎರಡು" ಎಂದರು.